ಪುಟ್ಟ ಗೆಲಾಕ್ಸಿಯ ಅವಕೆಂಪು ಬೆಳಕೊಂದರಿಂದಲೇ ನಕ್ಷತ್ರ ಹುಟ್ಟುವ ದರ ತಿಳಿಯಬಹುದೇ?

ನೀವು ಕೇಳಿದ್ದು: ನಕ್ಷತ್ರಗಳು ಬಿರುಸಾಗಿ ಹುಟ್ಟುತ್ತಿರುವ ಪುಟ್ಟ ಗೆಲಾಕ್ಸಿಯೊಂದು ಸ್ಪಿಟ್ಜರ್ ಅವಕೆಂಪು ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಲ್ಲಿ 8 ಮೈಕ್ರಾನ್ ತರಂಗಾಂತರಕ್ಕೆ ಮಂಕಾಗಿ, 24 ಮೈಕ್ರಾನ್‌ಗೆ ಪ್ರಖರವಾಗಿ ಕಾಣುತ್ತಿದೆ, ಇದನ್ನಷ್ಟೇ ನಂಬಿ ದರ ಹೇಳಬಹುದೇ ಎಂದು.

ಬೇಡ ಎನ್ನುತ್ತೇನೆ. ಎಳೆಯ ನಕ್ಷತ್ರಗಳ ಅತಿನೇರಳೆ ಬೆಳಕನ್ನು ಧೂಳು ಬಹುಪಾಲು ಹೀರಿ, ಬಿಸಿಯಾಗಿ, ಅವಕೆಂಪಾಗಿ ಸೂಸುತ್ತದೆ ಎಂಬ ನೆಚ್ಚಿಕೆಯ ಮೇಲೆ ಅವಕೆಂಪು ಸೂತ್ರಗಳು ನಿಂತಿವೆ. ಪುಟ್ಟ ಗೆಲಾಕ್ಸಿಯಲ್ಲಿ ಲೋಹಾಂಶ (ಹೀಲಿಯಂಗಿಂತ ಭಾರವಾದ ಧಾತುಗಳ ಪಾಲು) ಕಡಿಮೆ, ಧೂಳು ಅದಕ್ಕಿಂತ ಕಡಿಮೆ: ಲೋಹಾಂಶ ಸೂರ್ಯನದರ ಸುಮಾರು ಐದನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ಧೂಳು ಇನ್ನೂ ವೇಗವಾಗಿ ಕುಸಿಯುತ್ತದೆ. ಹೀರದೆ ಉಳಿದ ಬೆಳಕು ನೇರವಾಗಿ ಹೊರಬೀಳುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದರ ಕಡಿಮೆ ಬರುವುದು ಖಂಡಿತ.

8 ಮೈಕ್ರಾನ್ ಬೆಳಕಿನ ಹೆಚ್ಚಿನ ಪಾಲು ಪಿಎಎಚ್ ಎಂಬ, ಇಂಗಾಲದ ಉಂಗುರಗಳಿಂದಾದ ದೊಡ್ಡ ಅಣುಗಳದ್ದು. ಲೋಹಾಂಶ ಸೂರ್ಯನ ಕಾಲುಭಾಗಕ್ಕಿಂತ ಕಡಿಮೆಯಾದಲ್ಲಿ ಅವು ಹೆಚ್ಚುಕಡಿಮೆ ಕಾಣೆಯಾಗುತ್ತವೆ. 24ರಲ್ಲಿ ಹೊಳಪಿದೆ ಎಂದರೆ ಧೂಳು ಹೇರಳವಾಗಿದೆ ಎಂದಲ್ಲ, ಇರುವಷ್ಟು ಧೂಳು ತುಂಬ ಬಿಸಿಯಾಗಿದೆ ಎಂದು. ಎಸ್‌ಬಿಎಸ್ 0335-052 ಎಂಬ ಪುಟ್ಟ ಗೆಲಾಕ್ಸಿಯನ್ನು ನೋಡಿ: ಆಮ್ಲಜನಕ ಸೂರ್ಯನದರ ಸುಮಾರು ಮೂವತ್ತನೇ ಒಂದು ಭಾಗ, ಆದರೂ ಅದರ ಅವಕೆಂಪು ರೋಹಿತ 28 ಮೈಕ್ರಾನ್ ಹೊತ್ತಿಗೇ ಶಿಖರ ಮುಟ್ಟುತ್ತದೆ, ಸಾಮಾನ್ಯ ಸುರುಳಿ ಗೆಲಾಕ್ಸಿಯಲ್ಲಿ ಅದು 100ರ ಆಚೆ. ಲೋಹಾಂಶದಲ್ಲಿ ಅದಕ್ಕೆ ಹತ್ತಿರವೇ ಇರುವ ಐ ಜ್ವಿಕಿ 18 ಎಂಬ ಇನ್ನೊಂದು ಪುಟ್ಟ ಗೆಲಾಕ್ಸಿ ಮಾತ್ರ ಅವಕೆಂಪಿನಲ್ಲಿ ತೀರಾ ಮಂಕು. ಹಾಗಾಗಿ ಲೋಹಾಂಶ ನೋಡಿ ಅವಕೆಂಪನ್ನು ಊಹಿಸಲೂ ಆಗದು.

ಮಾಡಬೇಕಾದ್ದು ಇದು: ಧೂಳು ಹೀರದೆ ಬಿಟ್ಟ ಪಾಲನ್ನು ಎಚ್-ಆಲ್ಫಾದಿಂದ (ಎಳೆಯ ನಕ್ಷತ್ರಗಳ ಸುತ್ತಲಿನ ಜಲಜನಕ ಸೂಸುವ ಕೆಂಪು ಬೆಳಕು) ಅಳೆದು ಅವಕೆಂಪಿನ ಜೊತೆ ಕೂಡಿಸುವುದು. ಎಚ್-ಆಲ್ಫಾ ಚಿತ್ರವನ್ನು 24 ಮೈಕ್ರಾನ್ ಚಿತ್ರದ 6 ಆರ್ಕ್‌ಸೆಕೆಂಡ್ ಸ್ಪಷ್ಟತೆಗೆ ಮಸುಕಾಗಿಸಿ (ವೈಸ್ ಎಂಬ ಇನ್ನೊಂದು ಅವಕೆಂಪು ದೂರದರ್ಶಕದ 22 ಮೈಕ್ರಾನ್ ಚಿತ್ರ ಬಳಸಿದರೆ 12 ಆರ್ಕ್‌ಸೆಕೆಂಡ್‌ಗೆ), ಎರಡರಲ್ಲೂ ಒಂದೇ ವೃತ್ತದಲ್ಲಿ ಅಳೆದು, ಹಿನ್ನೆಲೆ ಕಳೆಯಿರಿ. ಎಚ್-ಆಲ್ಫಾದಿಂದ ನಮ್ಮ ಕ್ಷೀರಪಥದ ಧೂಳಿನ ಪ್ರಭಾವವನ್ನೂ ತೆಗೆಯಿರಿ. ಆಮೇಲೆ ಎಚ್-ಆಲ್ಫಾ ದೀಪ್ತಿಗೆ (ಗೆಲಾಕ್ಸಿ ಸೆಕೆಂಡಿಗೆ ಸೂಸುವ ಒಟ್ಟು ಶಕ್ತಿ) 24 ಮೈಕ್ರಾನ್ ದೀಪ್ತಿಯ 0.020 ಪಾಲು ಕೂಡಿಸಿ, ಮೊತ್ತವನ್ನು ಎರ್ಗ್/ಸೆಕೆಂಡ್‌ನಲ್ಲಿಟ್ಟು 5.5 × 10⁻⁴²ರಿಂದ ಗುಣಿಸಿದರೆ ವರ್ಷಕ್ಕೆ ಎಷ್ಟು ಸೌರರಾಶಿ (ಸೂರ್ಯನ ದ್ರವ್ಯರಾಶಿಯ ಎಷ್ಟು ಪಟ್ಟು) ಎಂದು ಸಿಗುತ್ತದೆ. ಬಹಳಷ್ಟು ಜನ ಎಡವುವುದು ಇಲ್ಲೇ: 24 ಮೈಕ್ರಾನ್ ದೀಪ್ತಿ ಎಂದರೆ ಆವೃತ್ತಿಯಿಂದ (1.25 × 10¹³ ಹರ್ಟ್ಸ್) ಗುಣಿಸಿದ್ದು. ಜಾನ್ಸ್ಕಿಯಿಂದ (ಪ್ರತಿ ಹರ್ಟ್ಸ್‌ಗೆ ಬರುವ ಬೆಳಕಿನ ಅಳತೆಮಾನ) ಪರಿವರ್ತಿಸುವಾಗ ಆ ಗುಣಾಕಾರ ಮರೆತರೆ ಅವಕೆಂಪಿನ ಪಾಲು ಲೆಕ್ಕದಿಂದಲೇ ಮಾಯವಾಗುತ್ತದೆ. ಇನ್ನೊಂದು, ಆ 5.5 ಕ್ರೌಪಾ ರಾಶಿಹಂಚಿಕೆಗೆ (ಹುಟ್ಟುವ ನಕ್ಷತ್ರಗಳಲ್ಲಿ ಯಾವ ತೂಕದವು ಎಷ್ಟು ಎಂಬ ನಿಯಮ) ಹೊಂದುವಂಥದ್ದು. ಸಾಲ್ಪೀಟರ್ ರಾಶಿಹಂಚಿಕೆ ಆಧಾರಿತ ಹಳೆಯ ಪಟ್ಟಿಗಳಲ್ಲಿ 7.9 ಇರುತ್ತದೆ, ಬೆರೆಸಬೇಡಿ.

ದರ ವರ್ಷಕ್ಕೆ 0.003 ಸೌರರಾಶಿಯ ಆಸುಪಾಸಿಗೆ ಇಳಿದರೆ ಎಚ್-ಆಲ್ಫಾ ಕೂಡ ಕಡಿಮೆ ತೋರಿಸುತ್ತದೆ. ಆಗ ಗ್ಯಾಲೆಕ್ಸ್ ಎಂಬ ಅತಿನೇರಳೆ ದೂರದರ್ಶಕದ ದೂರ-ಅತಿನೇರಳೆ ಅಳತೆಯೇ ವಾಸಿ.

ವೈಸ್‌ನ 3.4 ಮತ್ತು 4.6 ಮೈಕ್ರಾನ್ ಹೊಳಪುಗಳ ವ್ಯತ್ಯಾಸ ಕೆಂಪಗೆ ಬಂತೆಂದು (ಅಂದರೆ 4.6ರಲ್ಲಿ ಹೊಳಪು ಹೆಚ್ಚೆಂದು) ನಡುವೆ ಕಪ್ಪುಕುಳಿ ಸಕ್ರಿಯವಾಗಿದೆ ಎಂದು ಬರೆದುಬಿಡಬೇಡಿ. ಇಂಥ ಗೆಲಾಕ್ಸಿಗಳ ಬಿಸಿ ಧೂಳೂ ಅದೇ ಬಣ್ಣ ಕೊಡುತ್ತದೆ. ಎಕ್ಸ್-ಕಿರಣ ಅಥವಾ ತೀವ್ರವಾಗಿ ಅಯಾನೀಕೃತ ನಿಯಾನ್‌ನ 14.3 ಮೈಕ್ರಾನ್ ರೇಖೆಯ ಪುರಾವೆ ಸಿಗುವ ತನಕ ಕಾಯಿರಿ.