ಆ ಹಾಡು ನನ್ನದು ಎಂದು ಹೇಳಿಬಿಡಿ

ಈ ವಾರ ಬಂದ ಪತ್ರಗಳಲ್ಲಿ ಪಾಲು ಪಟ್ಟಿಯ ಜಗಳವಿತ್ತು, ಮಗನ ಮದುವೆಯ ಚಿಂತೆಯಿತ್ತು, ಅತ್ತೆ ಸೊಸೆಯರ ತಕರಾರೂ ಇತ್ತು. ಅವನ್ನೆಲ್ಲ ಬದಿಗಿಟ್ಟು, ಶಿರಸಿ ಸೀಮೆಯ ಹಳ್ಳಿಯೊಂದರಿಂದ ಐವತ್ತೊಂದು ವರ್ಷದ ಗೃಹಿಣಿಯೊಬ್ಬರು ಹಳೆಯ ಸಿನಿಮಾ ಹಾಡುಗಳ ಬಗ್ಗೆ ಬರೆದ ಪತ್ರಕ್ಕೆ ಮೊದಲು ಉತ್ತರಿಸುತ್ತಿದ್ದೇನೆ, ಏಕೆಂದರೆ ಅದನ್ನು ಓದಿ ಮುಗಿಸುವಷ್ಟರಲ್ಲಿ ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು.

ಪತ್ರದ ಸಾರ ಇಷ್ಟು. ಇವರು ಸೊಸೆಯಾಗಿ ಬಂದದ್ದು ಸಂಗೀತದ ಮನೆಗೆ. ಮಾವ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು, ಗಂಡ ಅಡಿಕೆ ತೋಟ ನೋಡಿಕೊಂಡು ಸಂಜೆ ಊರ ಮಕ್ಕಳಿಗೆ ಹಾರ್ಮೋನಿಯಂ ಕಲಿಸುವವರು, ನಾದಿನಿ ಹಿಂದೂಸ್ಥಾನಿ ಗಾಯನದಲ್ಲಿ ಪರೀಕ್ಷೆಗಳನ್ನು ಮುಗಿಸಿ ಈಗ ತಾವೇ ಶಿಷ್ಯರಿಗೆ ಪಾಠ ಹೇಳುತ್ತಿರುವವರು. ಇವರಿಗೆ ಪ್ರಾಣವಾದದ್ದು ಮಾತ್ರ ಎಂಬತ್ತರ ದಶಕದ ಕೊನೆಯ ಮತ್ತು ತೊಂಬತ್ತರ ದಶಕದ ಕನ್ನಡ ಸಿನಿಮಾ ಹಾಡುಗಳು. ಅವನ್ನು ಅಡುಗೆಮನೆಯಲ್ಲೂ ಕೊಟ್ಟಿಗೆಯಲ್ಲೂ ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾರಾದರೂ ಬಂದರೆ ತಟ್ಟನೆ ನಿಲ್ಲಿಸಿ ಕೇಳುತ್ತಾ ಬಂದಿದ್ದಾರೆ. ಕಳೆದ ಚೌತಿಯಂದು ನಾದಿನಿಯೂ ಅವರ ಶಿಷ್ಯರೂ ಜಗುಲಿಯಲ್ಲಿ ಹಾಡಲು ಕುಳಿತಿದ್ದಾಗ ಒಳಗೆ ಇಯರ್‌ಫೋನಿನ ತಂತಿ ಕಳಚಿ, 1987ರ ‘ಪ್ರೇಮಲೋಕ’ ಚಿತ್ರದ ಹಾಡೊಂದು ಮನೆಯಿಡೀ ಕೇಳಿಸಿತು. ಯಾರ ಫೋನು ಅದು ಎಂದು ನಾದಿನಿ ಕೇಳಿದರು. ಇವರು ಗಾಬರಿಯಲ್ಲಿ ಮಗಳತ್ತ ಕೈ ತೋರಿಸಿದರು. ಹುಬ್ಬಳ್ಳಿಯಲ್ಲಿ ಓದುತ್ತಿರುವ ಇಪ್ಪತ್ತು ವರ್ಷದ ಮಗಳಿಗೆ, ಪೇಟೆ ಸೇರಿ ಕಿವಿ ಕೆಡಿಸಿಕೊಂಡೆ ಎಂಬ ಮಾತು ಎಲ್ಲರೆದುರು ಬಿತ್ತು. ತಮ್ಮ ಅಭಿರುಚಿ ಅಷ್ಟು ಕೀಳೇ, ಈ ವಯಸ್ಸಿನಲ್ಲಾದರೂ ಶಾಸ್ತ್ರೀಯ ಸಂಗೀತಕ್ಕೆ ಕಿವಿ ಹದಗೊಳಿಸಿಕೊಂಡು ಈ ಚಟವನ್ನು ಬಿಡಬೇಕೇ ಎಂಬುದು ಅವರ ಪ್ರಶ್ನೆ.

ಅಮ್ಮಾ, ನಿಮ್ಮ ನಾಲ್ಕು ಪುಟದ ಪತ್ರದಲ್ಲಿ ಮೂರು ಪುಟ ನಾದಿನಿಯ ಮಾತಿಗೆ ಮೀಸಲಾಗಿವೆ. ಮಗಳ ವಿಷಯ ಅರ್ಧ ವಾಕ್ಯದಲ್ಲಿ ಮುಗಿದಿದೆ: ‘ಅವಳು ಏನೂ ಹೇಳಲಿಲ್ಲ, ಮರುದಿನ ಬೆಳಗಿನ ಬಸ್ಸಿಗೆ ಹೋದಳು’ ಎಂದು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲಿಯೇ ನಿಂತೆ. ಹಬ್ಬಕ್ಕೆಂದು ಮನೆಗೆ ಬಂದ ಹುಡುಗಿ ತನ್ನದಲ್ಲದ ಹಾಡಿಗೆ, ತನ್ನದಲ್ಲದ ಫೋನಿಗೆ, ಹೊರಗಿನವರ ಎದುರು ಮಾತು ಕೇಳಿಸಿಕೊಂಡಳು; ಅದು ನನ್ನದಲ್ಲ ಎಂದು ಹೇಳುವುದು ಅವಳಿಗೆ ಅತಿ ಸುಲಭವಾಗಿತ್ತು, ಹೇಳಿದರೆ ಅಮ್ಮನ ಮುಖ ಎಲ್ಲಿಡುವುದು ಎಂದು ಯೋಚಿಸಿ ಬಾಯಿ ಕಟ್ಟಿಕೊಂಡಳು. ನಿಮ್ಮ ಮರ್ಯಾದೆಯನ್ನು ಉಳಿಸಿದವಳು ಅವಳು. ಅವಳಿಗೆ ಆ ರಾತ್ರಿ ನೀವೇನು ಹೇಳಿದಿರಿ ಎಂಬುದು ಪತ್ರದಲ್ಲಿ ಎಲ್ಲಿಯೂ ಇಲ್ಲ, ಆದ್ದರಿಂದ ಏನೂ ಹೇಳಿಲ್ಲವೆಂದೇ ತಿಳಿಯುತ್ತೇನೆ. ಹಿರಿಯರು ತಮ್ಮ ಅಂಜಿಕೆಯ ಹೊರೆಯನ್ನು ಮಕ್ಕಳ ಹೆಗಲಿಗೆ ದಾಟಿಸಬಾರದೆಂದು ಈ ಅಂಕಣದಲ್ಲಿ ನಾನು ಎಷ್ಟೋ ಸಲ ಬರೆದಿದ್ದೇನೆ, ನಿಮಗೂ ಅದನ್ನೇ ಬರೆಯಬೇಕಾಗಿದೆ. ನಿಮ್ಮ ಮೇಲೆ ನನಗೆ ಕನಿಕರವಿದೆ. ಈ ಒಂದು ವಿಷಯದಲ್ಲಿ ಮಾತ್ರ ಇಲ್ಲ.

ಇನ್ನು ಅಭಿರುಚಿಯ ಪ್ರಶ್ನೆ. ನಿಮ್ಮ ಅಭಿರುಚಿ ಕೀಳಲ್ಲ, ಬಿಡಬೇಕಾದದ್ದೂ ಏನಿಲ್ಲ. 1987ರಲ್ಲಿ ನಿಮಗೆ ಹದಿಮೂರು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ತವರಿನ ಅಂಗಳದಲ್ಲಿ ದೊಡ್ಡವರೆಲ್ಲ ಮೆಟ್ಟುಗತ್ತಿಯ ಮೇಲೆ ಕುಳಿತಿರುತ್ತಿದ್ದರು, ಅಣ್ಣ ಟೇಪ್‌ರೆಕಾರ್ಡರ್ ತಂದಿಟ್ಟು ಕ್ಯಾಸೆಟ್ಟಿನ ಎರಡೂ ಬದಿಯನ್ನು ತಿರುಗಿಸಿ ತಿರುಗಿಸಿ ಹಾಕುತ್ತಿದ್ದ, ಅಡಿಕೆಯ ಚೊಗರಿಗೆ ಬೆರಳು ಕಪ್ಪಾಗಿ ಉರಿಯುತ್ತಿದ್ದರೂ ಹಾಡು ಮುಗಿಯುವವರೆಗೆ ಯಾರಿಗೂ ಏಳುವ ಮನಸ್ಸಾಗುತ್ತಿರಲಿಲ್ಲ ಎಂದು ಬರೆದಿದ್ದೀರಿ. ಪತ್ರದಲ್ಲಿ ನೀವು ಹೆದರದೆ ಬರೆದ ಭಾಗ ಅದೊಂದೇ, ಅದನ್ನು ಎರಡು ಸಲ ಓದಿದೆ. ಹದಿಹರೆಯದಿಂದ ಇಪ್ಪತ್ತೈದು ಮೂವತ್ತರವರೆಗಿನ ಕಾಲದ ನೆನಪುಗಳು ಮನುಷ್ಯನಲ್ಲಿ ಬೇರೆ ಕಾಲದವುಗಳಿಗಿಂತ ದಟ್ಟವಾಗಿ ಉಳಿಯುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡುಕೊಂಡಿದ್ದಾರೆ, ಆ ವಯಸ್ಸಿನಲ್ಲಿ ಕೇಳಿದ ಹಾಡುಗಳಿಗೂ ಈ ಮಾತು ಅನ್ವಯಿಸುತ್ತದೆ. ನಿಮ್ಮ ನಾದಿನಿಗೆ ಆ ವಯಸ್ಸಿನಲ್ಲಿ ಗುರುಗಳ ಮನೆಯ ತಂಬೂರಿ ಸಿಕ್ಕಿತು, ನಿಮಗೆ ಅಣ್ಣನ ಟೇಪ್‌ರೆಕಾರ್ಡರ್ ಸಿಕ್ಕಿತು. ಇಬ್ಬರೂ ಸಿಕ್ಕಿದ್ದನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದೀರಿ.

ನೆನಪಿನ ಮಾತನ್ನು ಪಕ್ಕಕ್ಕಿಟ್ಟು ಆ ಹಾಡುಗಳನ್ನೇ ನೋಡಿದರೂ ನಾಚಿಕೆಪಡುವಂಥದ್ದು ನನಗೆ ಕಾಣುವುದಿಲ್ಲ. ‘ಪ್ರೇಮಲೋಕ’ದ ಸಾಹಿತ್ಯವನ್ನೂ ಸಂಗೀತವನ್ನೂ ಹಂಸಲೇಖ ಒಬ್ಬರೇ ಮಾಡಿದ್ದರಿಂದ ಅಲ್ಲಿ ಮಾತು ಎಲ್ಲಿ ಮುಗಿಯುತ್ತದೆ, ತಾಳ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ. ಬೀದಿಯಲ್ಲಿ, ಕಾಲೇಜಿನ ಅಂಗಳದಲ್ಲಿ ಹುಡುಗರು ಆಡುವ ಮಾತು ಹಾಗೆಹಾಗೆಯೇ ಹಾಡಾಗಿ ಕೇಳಿಸಿದ್ದು ಆಗಿನ ಹದಿಹರೆಯದವರಿಗೆ ಎಂಥ ಹೊಸತಾಗಿತ್ತೆಂಬುದನ್ನು ಆ ಕಾಲದವರೇ ಹೇಳಬೇಕು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಸಾಲಿನ ನಡುವೆ ನಕ್ಕರೂ ಶ್ರುತಿ ಕದಲುವುದಿಲ್ಲ. ಎಸ್. ಜಾನಕಿ ಮಗುವಿನ ದನಿಯಲ್ಲೂ ಮುದುಕಿಯ ದನಿಯಲ್ಲೂ ಹಾಡಿದವರು. ಇದು ಸಾಧನೆಯಿಲ್ಲದೆ ಬರುವ ವಿದ್ಯೆಯಲ್ಲ. ಬೇಕಿದ್ದರೆ ಪ್ರಶಸ್ತಿಯ ಲೆಕ್ಕವನ್ನೂ ಕೊಡಬಹುದು: ಪಂಚಾಕ್ಷರಿ ಗವಾಯಿಗಳ ಜೀವನವನ್ನು ಆಧರಿಸಿದ ಚಿತ್ರದ ಸಂಗೀತಕ್ಕಾಗಿ ಹಂಸಲೇಖರಿಗೂ, ಅದೇ ಚಿತ್ರದ ಹಿಂದೂಸ್ಥಾನಿ ಶೈಲಿಯ ಗಾಯನಕ್ಕಾಗಿ ಬಾಲಸುಬ್ರಹ್ಮಣ್ಯಂ ಅವರಿಗೂ 1995ರ ಸಾಲಿನ ರಾಷ್ಟ್ರಪ್ರಶಸ್ತಿ ಬಂದಿದೆ. ನಿಮ್ಮ ಫೋನಿನಲ್ಲಿ ಚೌತಿಯಂದು ಹಾಡಿದವರ ಸಂಗೀತವನ್ನು ಕೀಳೆಂದು ತಳ್ಳಿಹಾಕುವುದು ನಾದಿನಿಗೆ ಅಷ್ಟು ಸುಲಭವಲ್ಲ.

ಆದರೆ ಈ ಲೆಕ್ಕವನ್ನು ಅವರೆದುರು ಒಪ್ಪಿಸಬೇಡಿ. ಇದು ನನ್ನ ಹಳೆಯ ನಂಬಿಕೆ, ಈ ಅಂಕಣದ ಓದುಗರಿಗೆ ಗೊತ್ತಿರುವಂಥದ್ದು: ಸಂತೋಷಕ್ಕೆ ಸಾಕ್ಷಿ ಪುರಾವೆ ಒದಗಿಸಲು ಹೊರಟವರು ಅರ್ಧ ಸೋತಂತೆಯೇ. ಈ ಹಾಡಿನಲ್ಲೂ ರಾಗವಿದೆ, ಇದರ ಗಾಯಕರಿಗೂ ಪ್ರಶಸ್ತಿ ಬಂದಿದೆ ಎಂದು ಶುರುಮಾಡಿದರೆ, ರಾಗವಿಲ್ಲದ, ಪ್ರಶಸ್ತಿಯಿಲ್ಲದ, ಬರೀ ಕುಣಿಯಬೇಕೆನಿಸುವ ಹಾಡನ್ನು ಇಷ್ಟಪಟ್ಟದ್ದು ತಪ್ಪೆಂದು ನೀವೇ ಒಪ್ಪಿಕೊಂಡ ಹಾಗಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಅಂಥ ಹಾಡುಗಳೂ ಇವೆ ಎಂದು ಸಂಕೋಚದಿಂದ ಬರೆದಿದ್ದೀರಿ. ಇರಲಿ. ಅವನ್ನೂ ಕೇಳಿ.

ಯಾವುದು ಮೇಲು, ಯಾವುದು ಕೀಳು ಎಂಬ ತೀರ್ಪು ಎಷ್ಟು ದಿನ ಬಾಳುತ್ತದೆ ಎಂಬುದಕ್ಕೆ ನಿಮ್ಮ ಜಗುಲಿಯಲ್ಲಿರುವ ಹಾರ್ಮೋನಿಯಮ್ಮೇ ಉತ್ತರ. ಅದು ವಿದೇಶದಿಂದ ಬಂದ ವಾದ್ಯ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲ, ನಮ್ಮ ಶ್ರುತಿಗಳಿಗೆ ಅದು ಹೊಂದುವುದಿಲ್ಲ ಎಂಬ ಕಾರಣಗಳನ್ನು ಮುಂದಿಟ್ಟು 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು, ಆ ನಿಷೇಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಮೂರು ದಶಕ ಬಾನುಲಿಯ ಬಾಗಿಲ ಹೊರಗೆ ನಿಂತ ವಾದ್ಯ ಇಂದು ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ದೇವರ ಭಜನೆಯಿಂದ ಹಿಡಿದು ಗಾಯನದ ಬೈಠಕ್‌ವರೆಗೆ ಜೊತೆಗಿರುತ್ತದೆ, ನಿಮ್ಮ ಯಜಮಾನರು ಅದನ್ನೇ ಮಕ್ಕಳಿಗೆ ಕಲಿಸುತ್ತಾರೆ. ಸಿನಿಮಾ ಹಾಡಿನ ಕಥೆಯೂ ಹೀಗೆಯೇ ನಡೆದಿದೆ. 1952ರಲ್ಲಿ ಕೇಂದ್ರದ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತದ ಮೇಲಿನ ಅಭಿಮಾನದಿಂದ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳನ್ನು ದೂರವಿರಿಸಿದರು. ಕೇಳುಗರು ಸಿಲೋನ್ ರೇಡಿಯೋದತ್ತ ಮುಳ್ಳು ತಿರುಗಿಸಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿಯನ್ನು ಆರಂಭಿಸಿ ಅದೇ ಹಾಡುಗಳನ್ನು ಒಳಗೆ ಕರೆಯಬೇಕಾಯಿತು. ಕಲೆಯನ್ನು ಪ್ರೀತಿಸುವವರೇ ಇನ್ನೊಬ್ಬರ ಕಿವಿಗೆ ಕಾವಲು ನಿಲ್ಲುತ್ತಾರೆಂಬುದು ನನಗೆ ಯಾವಾಗಲೂ ದುಃಖದ ಸಂಗತಿಯಾಗಿ ಕಂಡಿದೆ. ದೊಡ್ಡ ಕಲಾವಿದರಲ್ಲಿ ಈ ಬಿಗುಮಾನ ಕಡಿಮೆ. ಭೀಮಸೇನ ಜೋಶಿಯವರು 1966ರ ‘ಸಂಧ್ಯಾರಾಗ’ ಎಂಬ ಕನ್ನಡ ಚಿತ್ರಕ್ಕೆ ಹಾಡಿದ್ದಾರೆ. ನಮ್ಮದೇ ಜಿಲ್ಲೆಯ ಗೋಕರ್ಣದಲ್ಲಿ ಹುಟ್ಟಿದ, ಕಥೆ ಕವಿತೆಗಳಲ್ಲಿ ಅಷ್ಟು ಹೆಸರು ಮಾಡಿದ್ದ ಜಯಂತ ಕಾಯ್ಕಿಣಿಯವರು 2006ರ ‘ಮುಂಗಾರು ಮಳೆ’ಗೆ ಹಾಡು ಬರೆದು, ಆಮೇಲೆ ಬರೆಯುತ್ತಲೇ ಹೋದರು, ಆಗ ಕಾಲೇಜಿನಲ್ಲಿದ್ದವರಿಗೆ ಇಂದು ಆ ಹಾಡುಗಳು ನಿಮಗೆ 1987ರ ಹಾಡುಗಳು ಹೇಗೋ ಹಾಗೆ.

ಪತ್ರದ ತುಂಬ ನೀವು ದೂರಿರುವುದು ನಾದಿನಿಯನ್ನು. ನನಗೆ ಅವರ ಮೇಲೆ ಅಷ್ಟು ಸಿಟ್ಟಿಲ್ಲ. ಅವರ ಮಾತು ಒರಟು, ಸಭೆಯಲ್ಲಿ ಆಡುವಂಥದ್ದಂತೂ ಅಲ್ಲ, ಆದರೆ ತಮಗೆ ಅನಿಸಿದ್ದನ್ನು ಎದುರಿಗೇ ಹೇಳಿದರು, ಅದೂ ಮಗಳ ಹಾಡೆಂದು ನೀವು ಹೇಳಿದ್ದನ್ನು ನಂಬಿ ಹೇಳಿದರು. ನನ್ನ ಆಕ್ಷೇಪ ಇರುವುದು ನಿಮ್ಮ ಯಜಮಾನರ ಮೇಲೆ. ಪತ್ರದ ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ‘ಮದುವೆಯಾದ ಹೊಸತರಲ್ಲಿ ಶಿರಸಿ ಪೇಟೆಗೆ ಹೋದಾಗಲೆಲ್ಲ ಇವರೇ ನನಗೆ ಕ್ಯಾಸೆಟ್ ತಂದುಕೊಡುತ್ತಿದ್ದರು, ಈಗ ಆ ಪೆಟ್ಟಿಗೆ ಅಟ್ಟದ ಮೇಲಿದೆ’ ಎಂದು ಬರೆದಿದ್ದೀರಿ. ಹಾಗಾದರೆ ಆ ಹಾಡು ಯಾರದೆಂದು ಆ ಮನೆಯಲ್ಲಿ ಒಬ್ಬರಿಗಂತೂ ಚೆನ್ನಾಗಿ ಗೊತ್ತಿತ್ತು. ಅವರು ಹಾರ್ಮೋನಿಯಮ್ಮಿನ ಮುಂದೆ ಕುಳಿತಿದ್ದರು. ಹೆಂಡತಿ ಸುಳ್ಳು ಹೇಳುವುದನ್ನು ಕೇಳಿದರು, ಮಗಳು ಬೈಸಿಕೊಳ್ಳುವುದನ್ನು ಕೇಳಿದರು, ಒಂದು ಮಾತು ಆಡಲಿಲ್ಲ. ತಂಗಿಯನ್ನು ಗದರಿಸಬೇಕಿರಲಿಲ್ಲ, ‘ಅದು ನಾನೇ ತಂದುಕೊಟ್ಟ ಹಾಡು, ನಮಗಿಬ್ಬರಿಗೂ ಇಷ್ಟ’ ಎಂದಿದ್ದರೆ ಸಾಕಿತ್ತು, ಜಗುಲಿಯಲ್ಲಿದ್ದ ಶಿಷ್ಯರೂ ನಕ್ಕು ಹಗುರಾಗುತ್ತಿದ್ದರು. ಸಂಗೀತಗಾರರ ನಡುವೆ ತಮ್ಮ ಗೌರವಕ್ಕೆ ಕುಂದು ಬಂದೀತೆಂದು ಒಬ್ಬ ಗಂಡಸು ತನ್ನ ಯೌವನದ ಪ್ರೀತಿಯ ಕಾಣಿಕೆಯನ್ನೇ ಗುರುತಿಸದಂತೆ ಕುಳಿತದ್ದನ್ನು ನಾನು ಸಣ್ಣ ತಪ್ಪೆಂದು ಭಾವಿಸಲಾರೆ. ಈ ಅಂಕಣವನ್ನು ಅವರೂ ಓದುತ್ತಾರೆಂದು ಬರೆದಿದ್ದೀರಿ. ಓದಲಿ ಎಂದೇ ಬರೆಯುತ್ತಿದ್ದೇನೆ.

ಶಾಸ್ತ್ರೀಯ ಸಂಗೀತ ಕಲಿಯುವ ಆಸೆ ನಿಜವಾಗಿ ಇದ್ದರೆ ಕಲಿಯಿರಿ, ಐವತ್ತೊಂದು ವಯಸ್ಸೇನೂ ಅಡ್ಡಿಯಲ್ಲ. ಪ್ರಾಯಶ್ಚಿತ್ತವೆಂದು ಕಲಿಯುವುದಾದರೆ ಬೇಡ, ಅದು ನಿಮಗೂ ಹಿಂಸೆ, ಕಲಿಸುವವರಿಗೂ ಹಿಂಸೆ. ಇಯರ್‌ಫೋನಿನ ಬಗ್ಗೆ ನನ್ನ ಅಭಿಪ್ರಾಯವನ್ನು ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಇನ್ನೊಬ್ಬರು ಮಲಗಿರುವಾಗ ಅದು ಸಭ್ಯತೆ, ಒಂದು ಮನೆಯ ಯಜಮಾನಿ ತನ್ನದೇ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಅದರ ಹಿಂದೆ ಅಡಗಿಕೊಳ್ಳುವುದು ಆ ಮನೆಗೇ ಶೋಭೆಯಲ್ಲ. ಒಟ್ಟಿಗೆ ಬಾಳುವವರು ಒಬ್ಬರ ಹಾಡನ್ನು ಇನ್ನೊಬ್ಬರು ಕೇಳಿಸಿಕೊಂಡು ಬಾಳಬೇಕು. ನಾದಿನಿಯ ಅಭ್ಯಾಸವನ್ನು ನೀವು ಬೆಳಗಿನಿಂದ ಕೇಳಿಸಿಕೊಂಡಿದ್ದೀರಿ, ಅವರ ಶಿಷ್ಯರಿಗೆ ಚಹಾ ಅವಲಕ್ಕಿ ಒದಗಿಸಿದ್ದೀರಿ.

ನೀವು ಮಾಡಬೇಕಾದದ್ದು ಒಂದೇ ಕೆಲಸ. ದೀಪಾವಳಿಯ ದೊಡ್ಡಹಬ್ಬಕ್ಕೆ ಮಗಳೂ ಬರುತ್ತಾಳೆ, ನಾದಿನಿಯೂ ಬರುತ್ತಾರೆ ಎಂದು ತಿಳಿಸಿದ್ದೀರಿ. ಗೋಪೂಜೆ ಮುಗಿದು ಎಲ್ಲರೂ ಊಟಕ್ಕೆ ಕುಳಿತಾಗ, ಮಗಳು ಎದುರಿಗಿರುವಾಗಲೇ, ‘ಚೌತಿಯ ದಿನ ಕೇಳಿಸಿದ್ದು ನನ್ನ ಫೋನು, ನನ್ನ ಹಾಡು, ನಾನು ಗಾಬರಿಯಲ್ಲಿ ಕೂಸಿನ ಮೇಲೆ ಹಾಕಿದೆ, ಅವಳದ್ದೇನೂ ತಪ್ಪಿಲ್ಲ’ ಎಂದು ನಾದಿನಿಗೆ ಹೇಳಿ. ಅಷ್ಟೇ ಹೇಳಿ ಬಡಿಸುವುದನ್ನು ಮುಂದುವರಿಸಿ. ಆ ಹಾಡು ಏಕೆ ಇಷ್ಟ ಎಂದು ವಿವರಿಸಬೇಡಿ, ನಾದಿನಿಯ ಚೌತಿಯ ಮಾತಿಗೆ ಉತ್ತರ ಕೊಡಲೂ ಹೋಗಬೇಡಿ, ಯಜಮಾನರ ಮುಖವನ್ನು ನೋಡಿ ಅನುಮತಿಗೆ ಕಾಯಬೇಡಿ. ಯಾರಾದರೂ ಒಂದು ಮಾತು ಅಂದರೆ ಅನ್ನಲಿ, ಈ ಸಲ ಅದು ಸರಿಯಾದ ವ್ಯಕ್ತಿಯ ಮೇಲೆ ಬೀಳುತ್ತದೆ, ನೀವು ಅದನ್ನು ತಡೆದುಕೊಳ್ಳಬಲ್ಲಿರಿ. ಹಬ್ಬ ಮುಗಿದು ಅಡಿಕೆ ಕೊಯ್ಲು ಶುರುವಾದಾಗ ಸುಲಿಯುವ ಜಾಗಕ್ಕೆ ಫೋನನ್ನು ಇಯರ್‌ಫೋನ್ ಇಲ್ಲದೆ ಒಯ್ಯಿರಿ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸುವ ಕೆಲಸ ಯಜಮಾನರದ್ದು. ನಮ್ಮ ಮಳೆಗಾಲದ ಥಂಡಿಗೆ ಕ್ಯಾಸೆಟ್ಟಿನ ರೀಲಿಗೆ ಬೂಷ್ಟು ಹಿಡಿದಿರುತ್ತದೆ, ಹಾಗೇ ಹಾಕಿದರೆ ಟೇಪ್‌ರೆಕಾರ್ಡರಿನ ಹೆಡ್ಡೂ ಹಾಳಾಗುತ್ತದೆ, ಆದ್ದರಿಂದ ಒರೆಸಿ ಒಣ ಜಾಗದಲ್ಲಿಡಲಿ.

ಮಗಳನ್ನು ಮಾತ್ರ ಹಬ್ಬದವರೆಗೆ ಕಾಯಿಸಬೇಡಿ. ಇಂದು ರಾತ್ರಿ ಅವಳ ಊಟ ಮುಗಿಯುವ ಹೊತ್ತಿಗೆ ಫೋನು ಮಾಡಿ, ತಪ್ಪಾಯಿತು ಎಂದು ಮೊದಲು ಅವಳಿಗೆ ಹೇಳಿ.