ಮೂರು ಸೆಂಟ್ಸಿನಲ್ಲಿ ಜಗಲಿಗೆ ಜಾಗ ಎಲ್ಲಿಂದ?

ಪ್ರಶ್ನೆ: ಪೇಟೆಯೊಳಗೆ ನಮಗೆ ಮೂರು ಸೆಂಟ್ಸ್ ಜಾಗವಿದೆ, ರಸ್ತೆ ಪಶ್ಚಿಮಕ್ಕೆ. ಮನೆಯಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಗುತ್ತಿಗೆದಾರರು ಮೂರು ಬೆಡ್‌ರೂಮು, ಮೂರಕ್ಕೂ ಅಟ್ಯಾಚ್ಡ್ ಬಾತ್‌ರೂಮು ಇರುವ ಎರಡಂತಸ್ತಿನ ಪ್ಲಾನು ಕೊಟ್ಟಿದ್ದಾರೆ. ಅಷ್ಟು ಸಾಲ ತೀರಿಸುವ ಶಕ್ತಿ ನಮಗಿಲ್ಲ. ಸಿಟೌಟ್, ಅಂದರೆ ಎದುರಿನ ಜಗಲಿ, ತೆಗೆದರೆ ಖರ್ಚು ಇಳಿಯುತ್ತದೆ ಅನ್ನುತ್ತಾರೆ. ತೆಗೆಯಬಹುದೇ? ಗೋಡೆಗೆ ಯಾವ ಕಲ್ಲು?
– ಓದುಗರು, ಕಾಸರಗೋಡು

ಉತ್ತರ: ಏನು ಬೇಕಾದರೂ ತೆಗೆಯಿರಿ, ಜಗಲಿಯೊಂದನ್ನು ಬಿಟ್ಟು. ಇದನ್ನು ಹೇಳುತ್ತಿರುವುದು ತೆಗೆದು ಅನುಭವಿಸಿದವ. ಓವರ್ಸಿಯರ್ ಕೆಲಸದಲ್ಲಿದ್ದ ನಾನು 1989ರಲ್ಲಿ ಸ್ವಂತ ಮನೆಯ ನಕ್ಷೆ ಬರೆಯುವಾಗ ಜಗಲಿಯನ್ನು ನುಂಗಿ ನನಗೊಂದು 'ಆಫೀಸ್ ರೂಮು' ಮಾಡಿಕೊಂಡೆ. ಮೊದಲ ಜೂನಿನಲ್ಲೇ ಗೊತ್ತಾಯಿತು. ಒದ್ದೆ ಕೊಡೆ ಬಚ್ಚಲಿನ ಬಾಲ್ದಿಯಲ್ಲಿ, ಮಕ್ಕಳ ಯೂನಿಫಾರ್ಮು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಆಟಿ ತಿಂಗಳಿಗೆ ಎದುರಿನ ಹಲಸಿನ ಬಾಗಿಲು ಉಬ್ಬಿ, ಹೆಗಲು ಕೊಟ್ಟು ದೂಡದೆ ತೆರೆಯುತ್ತಿರಲಿಲ್ಲ. ನನ್ನ ಹೆಂಡತಿ ಆ ರೂಮಿಗೆ ಈಗಲೂ 'ನಿಮ್ಮ ಕಚೇರಿ' ಎಂದೇ ಹೇಳುವುದು. ಅದರಲ್ಲಿರುವುದು ಹಳೇ ಪೇಪರ್ ಮತ್ತು ತೆಂಗಿನಕಾಯಿ.

ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ಅದರ ಹೆಚ್ಚಿನ ಪಾಲು ನಾಲ್ಕು ತಿಂಗಳೊಳಗೆ, ಅದೂ ಪಶ್ಚಿಮದಿಂದ ಗಾಳಿಯೊಟ್ಟಿಗೆ ಬಂದು ಗೋಡೆಗೆ ಬಡಿಯುವಂಥದ್ದು. ನಿಮ್ಮ ರಸ್ತೆಯೂ ಪಶ್ಚಿಮಕ್ಕೇ ಇದೆಯಲ್ಲ, ಐದಡಿ ಅಗಲದ ಜಗಲಿಯನ್ನು ಆ ಬದಿಯ ಉದ್ದಕ್ಕೂ ಎಳೆಯಿರಿ. ಬಟ್ಟೆ, ಕೊಡೆ, ಅಮ್ಮನ ಕುರ್ಚಿ, ಮಕ್ಕಳ ಸೈಕಲ್ ಎಲ್ಲಕ್ಕೂ ಅದೇ ಜಾಗ. ಹಿಂದಿನ ಗೋಡೆಯೂ ಒಣಗಿ ಇರುತ್ತದೆ.

ಜಾಗ ಎಲ್ಲಿಂದ ಎಂದು ಕೇಳುತ್ತೀರಿ. ಗೋಡೆಗಳಿಂದ. ಹತ್ತಡಿ ಉದ್ದದ ಒಂಬತ್ತಿಂಚು ಗೋಡೆ ಏಳೂವರೆ ಚದರಡಿ ತಿನ್ನುತ್ತದೆ. ಮನೆಯೊಳಗೆ ಅಂಥ ಮೂರು ಗೋಡೆಯಾದರೆ ಒಂದು ಮಂಚದ ಜಾಗ ಹೋಯಿತು. ಭಾರ ಹೊರದ ಕಡೆ ಗೋಡೆ ಬೇಡ, ಕಪಾಟೇ ಗೋಡೆಯಾಗಲಿ. ಕೆಳಗೆ ಎರಡು ಕೋಣೆ ಸಾಕು. ಮೇಲೆ ಪೂರ್ತಿ ಅಂತಸ್ತು ಎಬ್ಬಿಸದೆ ಹಂಚಿನ ಮಾಡಿನಡಿ ಅಟ್ಟ ಮಾಡಿ, ಮಕ್ಕಳು ಅಲ್ಲಿ ಖುಷಿಯಲ್ಲಿ ಮಲಗುತ್ತಾರೆ. ಬಾತ್‌ರೂಮು ಅಮ್ಮನ ಕೋಣೆಗೆ ತಾಗಿ ಒಂದೇ ಸಾಕು. ಆದರೆ ಕಕ್ಕಸು, ಸ್ನಾನ, ಕೈತೊಳೆಯುವ ಜಾಗ ಮೂರನ್ನೂ ಬೇರೆ ಮಾಡಿ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಮೂವರ ಕೆಲಸ ಒಟ್ಟಿಗೇ ಆಗುತ್ತದೆ. ಅಡುಗೆಮನೆ ಅದರ ಬೆನ್ನಿಗೇ ಇದ್ದರೆ ಪೈಪೂ ಉಳಿಯುತ್ತದೆ.

ನೀವು ಕಳಿಸಿದ ಪ್ಲಾನಿನಲ್ಲಿ ಕಾರಿಗೆ ಜಾಗವಿದೆ, ಕಕ್ಕಸುಗುಂಡಿಗೆ ಇಲ್ಲ! ಕೆಸರುಕಲ್ಲು ಹಾಕುವ ಮೊದಲೇ ಇದು ಇತ್ಯರ್ಥವಾಗಬೇಕು. ಕುಡಿಯುವ ನೀರಿನ ಬಾವಿಯಿಂದ ಗುಂಡಿ 7.5 ಮೀಟರು ದೂರವಿರಬೇಕು, ಅಂದರೆ ಹತ್ತಿರಹತ್ತಿರ 25 ಅಡಿ. ನೆರೆಮನೆಯ ಬಾವಿಗೂ ಇದೇ ಲೆಕ್ಕ. ಇಷ್ಟು ಸಣ್ಣ ಜಾಗದಲ್ಲಿ ಮೊದಲು ಬಾವಿ ಮತ್ತು ಗುಂಡಿ ಗುರುತಿಸಿ, ಉಳಿದಲ್ಲಿ ಮನೆ ಬರೆಯುವುದು. ಇನ್ನೊಂದು ಸಮಾಧಾನವಿದೆ. ಮೂರು ಸೆಂಟ್ಸ್ ಎಂದರೆ 121 ಚದರ ಮೀಟರು. 125 ಚದರ ಮೀಟರು ದಾಟದ ಜಾಗಕ್ಕೆ ಕೇರಳದ ಕಟ್ಟಡ ನಿಯಮದಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ, ಬದಿ ಬಿಡುವುದರಲ್ಲಿ ವಿನಾಯಿತಿಯೂ ಇದೆ. ಮಾಡು ಎಷ್ಟು ಹೊರಚಾಚಬಹುದೆಂದು ನಗರಸಭೆಯಲ್ಲಿ ಕೇಳಿಕೊಂಡು ಬನ್ನಿ.

ಕಲ್ಲಿನ ಮಾತು. ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ತಿರುವನಂತಪುರದಲ್ಲಿ ಕಟ್ಟಿದ ಮನೆಗಳನ್ನು ನೋಡಿ ಬಂದವರು ನನ್ನೊಡನೆ 'ನಮಗೂ ಅಂಥದೇ ಇಟ್ಟಿಗೆ ಗೋಡೆ' ಅನ್ನುತ್ತಾರೆ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಆ ಕಟ್ಟಣೆಯಲ್ಲಿ ಕಾಲುಭಾಗ ಇಟ್ಟಿಗೆ ಉಳಿಯುವುದು ನಿಜ. ಆದರೆ ಅವರು ಗಾಂಧೀಜಿಯವರಿಂದ ಕೇಳಿ ಜೀವನವಿಡೀ ಹಿಡಿದುಕೊಂಡದ್ದು ಐದು ಮೈಲಿಯೊಳಗೆ ಸಿಗುವ ಸಾಮಾನಿನಲ್ಲಿ ಮನೆ ಕಟ್ಟಬೇಕೆಂಬ ಮಾತು. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಮೇಲೆ ಕೂತಿರುವ ನಾವು ದೂರದಿಂದ ಲಾರಿಯಲ್ಲಿ ಇಟ್ಟಿಗೆ ತರಿಸಿದರೆ ಬೇಕರರ ಮನೆ ಆಗಲಿಕ್ಕಿಲ್ಲ, ಅದರ ಫೋಟೋ ಆದೀತು. ನಿಮಗೆ ಕೆಂಪುಕಲ್ಲೇ ಸರಿ. ಕೋರೆಗೆ ಖುದ್ದು ಹೋಗಿ. ಬಿಳಿ ಜೇಡಿ ತುಂಬಿದ ಕಲ್ಲು ಬೇಡ, ಬಡಿದರೆ ಗಟ್ಟಿ ಸದ್ದು ಬರುವುದನ್ನು ಆರಿಸಿ. ಆಗಷ್ಟೇ ಕಡಿದ ಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಹಾಗಾಗಿ ಮೊದಲೇ ತರಿಸಿ ಪೇರಿಸಿಡಿ.

ಪ್ರಶ್ನೆ: ಕಾಂಕ್ರೀಟಿನೊಳಗೆ ಹಂಚು ಇಟ್ಟು ಸ್ಲಾಬ್ ಹಾಕಿದರೆ ಸೋರುತ್ತದೆ ಎಂದು ಮೇಸ್ತ್ರಿ ಹೆದರಿಸುತ್ತಾರೆ. ಹೌದೇ?
– ಓದುಗರು, ಉಪ್ಪಳ

ಉತ್ತರ: ಸೋರುವುದು ಹಂಚಿನಿಂದಲ್ಲ, ಸರಿಯಾಗಿ ಕುತ್ತಿ ಗಟ್ಟಿಮಾಡದ ಕಾಂಕ್ರೀಟಿನಿಂದ. ಸ್ಲಾಬಿನ ಅಡಿಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟು ಬರೀ ಭಾರ. ಆ ಜಾಗಕ್ಕೆ, ಸರಳುಗಳ ನಡುವೆ, ಹಳೇ ಮಂಗಳೂರು ಹಂಚು ಜೋಡಿಸುವುದು. ಎರಡೆರಡು ಹಂಚು ಒಂದಕ್ಕೊಂದು ಮುಚ್ಚಿಟ್ಟರೆ ಒಳಗೆ ಗಾಳಿ ನಿಂತು ಸೆಖೆಯೂ ಕಡಿಮೆ. ಹಳೇ ಮನೆ ಕೆಡಹುವಲ್ಲಿ ಅಗ್ಗಕ್ಕೆ ಸಿಗುತ್ತದೆ, ಬಿರುಕು ಬಿಟ್ಟದ್ದನ್ನು ಬಿಟ್ಟು ಆರಿಸಿ. ಹಾಕುವ ಮೊದಲು ನೀರಲ್ಲಿ ನೆನೆಸದಿದ್ದರೆ ಹಂಚು ಕಾಂಕ್ರೀಟಿನ ನೀರು ಕುಡಿಯುತ್ತದೆ. ಗೋಡೆಯಿಂದ ಹೊರಚಾಚುವ ಭಾಗದಲ್ಲಿ ಮಾತ್ರ ಹಂಚು ಬೇಡವೇ ಬೇಡ, ಅಲ್ಲಿ ಎಳೆತ ಮೇಲ್ಗಡೆಗೆ. ಸರಳಿನ ಲೆಕ್ಕ ಎಂಜಿನಿಯರರಿಂದ ಬರೆಸಿ. ಆಮೇಲೆ ಹತ್ತು ದಿನ ನೀರು ಕಟ್ಟಿ ನಿಲ್ಲಿಸಿ. ನಿಮ್ಮ ಮೇಸ್ತ್ರಿಗೆ ಬೇಜಾರು ಇರುವುದು ಬಹುಶಃ ಈ ಹತ್ತು ದಿನದ ಬಗ್ಗೆ.

ಪ್ರಶ್ನೆ: ಕೆಂಪುಕಲ್ಲಿನ ಗೋಡೆಗೆ ಹೊರಗೆ ಸಾರಣೆ ಮಾಡಿಲ್ಲ. ಮನೆ ಒಕ್ಕಲಿಗೆ ಬಂದ ನೆಂಟರೆಲ್ಲ 'ಕೆಲಸ ಬಾಕಿಯಾ?' ಎಂದು ಕೇಳಿದರು. ಮಾಡಿಸಲೇ?
– ಓದುಗರು, ಕುಂಬಳೆ

ಉತ್ತರ: ನೆಂಟರು ಬೇಕಲ ಕೋಟೆ ನೋಡಿರಬೇಕಲ್ಲ. ಇಕ್ಕೇರಿ ನಾಯಕರು 17ನೇ ಶತಮಾನದಲ್ಲಿ ಕಟ್ಟಿಸಿದ ಕೆಂಪುಕಲ್ಲು ಕಡಲಗಾಳಿಗೆ ಮೈಯೊಡ್ಡಿ ಇನ್ನೂ ನಿಂತಿದೆ. ಹಾಗೆಂದು ಕೋಟೆಯ ಲೆಕ್ಕವನ್ನು ಒಂಬತ್ತಿಂಚಿನ ಗೋಡೆಗೆ ಹಾಕಬೇಡಿ. ಸಂದುಗಳಿಗೆ ಗಾರೆ ತುಂಬಿ ಪಾಯಿಂಟಿಂಗ್ ಮಾಡಿಸಿ, ಮಾಡು ಎರಡೂವರೆ ಅಡಿಯಾದರೂ ಹೊರಗೆ ಇದೆಯೇ ನೋಡಿ. ಪಶ್ಚಿಮದ ಗೋಡೆಯನ್ನು ಎರಡು ಮಳೆಗಾಲ ಗಮನಿಸಿ. ಒಳಗೆ ತೇವ ಕಂಡರೆ ಆ ಒಂದಕ್ಕೆ ಸಾರಣೆ ಮಾಡಿಸಿದರಾಯಿತು.