ಗರ್ಭನಿರೋಧಕ ಮಾತ್ರೆಯಿಂದ ತೂಕ ಹೆಚ್ಚುತ್ತದೆಯೇ?

ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡೂ ಹಾರ್ಮೋನುಗಳಿರುವ ಸಾಮಾನ್ಯ ಮಾತ್ರೆಗಳ ಮಟ್ಟಿಗೆ ಹೇಳುವುದಾದರೆ, ಅವುಗಳಿಂದಲೇ ತೂಕ ಏರುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2014ರಲ್ಲಿ 49 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಹೇಳಿಕೊಳ್ಳುವಂಥ ಪರಿಣಾಮ ಕಂಡುಬರಲಿಲ್ಲ.

ಹಾಗೆಂದು ಹೆಂಗಸರ ಅನುಭವವನ್ನು ಬರೀ ಭ್ರಮೆ ಎಂದು ತಳ್ಳಿಹಾಕುವುದು ತಪ್ಪು. ಈಸ್ಟ್ರೋಜನ್ ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುವುದರಿಂದ ಮೊದಲ ಎರಡು ಮೂರು ತಿಂಗಳು ಹೊಟ್ಟೆ ಉಬ್ಬಿದಂತೆ, ಎದೆ ಭಾರವಾದಂತೆ, ರವಿಕೆ ಬಿಗಿಯಾದಂತೆ ಅನ್ನಿಸಬಹುದು. ಅದು ಕೊಬ್ಬಲ್ಲ, ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. 1960ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎನೋವಿಡ್ ಮಾತ್ರೆಯಲ್ಲಿ ಸುಮಾರು 150 ಮೈಕ್ರೋಗ್ರಾಂ ಈಸ್ಟ್ರೋಜನ್ ಇದ್ದರೆ, ನಮ್ಮ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್‌ನಲ್ಲಿರುವುದು 30 ಮೈಕ್ರೋಗ್ರಾಂ. ಎರಡರಲ್ಲಿರುವ ಈಸ್ಟ್ರೋಜನ್‌ನ ಬಗೆ ಬೇರೆಯಾದರೂ ಅಂತರ ದೊಡ್ಡದು. ಹಳೆಯ ಮಾತ್ರೆಗಳ ಕಾಲದ ಭಯ ಮಾತ್ರ ಹಾಗೆಯೇ ಉಳಿದಿದೆ.

ಗರ್ಭ ತಡೆಯಲು ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದಿನ ವಿಷಯ ಬೇರೆ. ಅದರಿಂದ ಕೆಲವರಲ್ಲಿ ನಿಜವಾಗಿಯೂ ತೂಕ ಏರುತ್ತದೆ. ಅದನ್ನೂ ಮಾತ್ರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮಾತ್ರೆ ಶುರುಮಾಡುವ ದಿನವೇ ತೂಕ ನೋಡಿ ಬರೆದಿಟ್ಟುಕೊಂಡು, ಮೂರು ತಿಂಗಳ ನಂತರ ಅದೇ ಯಂತ್ರದಲ್ಲಿ ಮತ್ತೆ ನೋಡಿದರೆ ಅನುಮಾನ ಬಹುಪಾಲು ಬಗೆಹರಿಯುತ್ತದೆ. ಆದರೆ ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ತೂಕದ ಪ್ರಶ್ನೆಯಲ್ಲ, ರಕ್ತ ಹೆಪ್ಪುಗಟ್ಟಿರುವ ಸೂಚನೆಯಾಗಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.